ಹೇಮಂತದ ಮಂಕು
(ಪರದೇಶದಲ್ಲಿ ಮಕ್ಕಳಿರುವ ಮನೆಯವರಿಗೆ ಕೆಲವು ಮಾತುಗಳು)

ಪ್ರತಿದಿನವೂ ಸೂರ್ಯನಿಗೆ ಕೈಮುಗಿಯುವ ಜನರು ನಾವು. ಆದರೂ ಆತನಿಲ್ಲದೆ ದಿನ ಕಳೆಯುವುದೆಂದರೆ ಏನೆಂಬುದನ್ನು ನಮ್ಮಲ್ಲಿ ಬಲ್ಲವರು ವಿರಳ. ಮೈಸೂರು, ಬೆಂಗಳೂರುಗಳಲ್ಲಿ ವರ್ಷದ ಅತಿ ದೀರ್ಘವಾದ ಹಗಲಿಗೂ ಅತಿ ಹ್ರಸ್ವವಾದ ಹಗಲಿಗೂ ಇರುವ ಅಂತರವು ಒಂದೂವರೆ ಗಂಟೆಯಷ್ಟು ಮಾತ್ರ. ಮಾರ್ಗಶಿರ ಪುಷ್ಯಗಳಲ್ಲಿ ನಮಗೂ ಚಳಿಯಾಗುವುದುಂಟು. ಕಂಬಳಿ ಹೊದ್ದು ಇನ್ನೊಂದು ಗಳಿಗೆ ಮಲಗೋಣವೆನಿಸುವುದುಂಟು. ಆದರೆ ಎಂಟು ಗಂಟೆಯ ಹೊತ್ತಿಗೆ ಅಂಗಳದಲ್ಲಿ ಎಳೆಬಿಸಿಲು ಹರಡಿ, ಅಜ್ಜಂದಿರು ಕುರ್ಚಿಯನ್ನು ಹೊರಗೆ ಹಾಕಿಸಿಕೊಂಡು ಕುಳಿತಿರುತ್ತಾರೆ. ಆಷಾಢದ ಮಳೆಯಲ್ಲಿ ದಿನಗಟ್ಟಲೆ ಬಿಸಿಲನ್ನು ಕಾಣದ ಮಲೆನಾಡಿನವರಿಗೆ ಮಾತ್ರ, ಮಬ್ಬು ಹಗಲುಗಳು ಮನಸ್ಸಿನ ಮೇಲೆ ಹೇಗೆ ಭಾರವಾಗಿ ಕುಳಿತುಕೊಳ್ಳುತ್ತವೆಂಬುದು ಸ್ವಲ್ಪಮಟ್ಟಿಗೆ ತಿಳಿದಿರುತ್ತದೆ.

ಈಗ ನಮ್ಮ ನಾಡಿನ ಸಾವಿರಾರು ಮನೆಗಳ ಮಕ್ಕಳು ಬ್ರಿಟನ್, ಜರ್ಮನಿ, ಸ್ವೀಡನ್, ಕೆನಡಾ ಮೊದಲಾದ ಉತ್ತರದ ದೇಶಗಳಲ್ಲಿ ನೆಲೆಸಿದ್ದಾರೆ. ಅವರನ್ನು ಕಳುಹಿಸುವಾಗ ಉಣ್ಣೆಯ ಅಂಗಿ, ಕೈಚೀಲ, ಕಾಲುಚೀಲಗಳನ್ನು ನಾವು ಮರೆಯದೆ ಕಟ್ಟಿಕೊಡುತ್ತೇವೆ. ಚಳಿಗೆ ಸಿದ್ಧತೆಯನ್ನು ಮಾಡಿದೆವೆಂದು ಸಮಾಧಾನಪಡುತ್ತೇವೆ. ಆದರೆ ಅಲ್ಲಿಯ ಚಳಿಗಾಲದಲ್ಲಿ ಚಳಿಗಿಂತಲೂ ಹೆಚ್ಚಾಗಿ ಕಾಡುವುದು ಕತ್ತಲೆ ಎಂಬುದನ್ನು ಅವರಿಗೆ ಯಾರೂ ಹೇಳಿ ಕಳುಹಿಸುವುದಿಲ್ಲ. ನಾವೂ ಹೇಳಲಿಲ್ಲ. ಅದರ ಫಲವನ್ನು ಎರಡು ವರ್ಷ ಅನುಭವಿಸಿದ ಮೇಲೆ ಈ ನಾಲ್ಕು ಮಾತುಗಳನ್ನು ಬರೆಯುತ್ತಿದ್ದೇನೆ.

ಒಂದು ಮನೆಯ ಸಂಗತಿ

ಮೈಸೂರಿನಲ್ಲಿರುವ ನನ್ನ ಅಕ್ಕನ ಮಗಳು 2021ರ ಸೆಪ್ಟೆಂಬರಿನಲ್ಲಿ ಗಂಡನೊಡನೆ ಸ್ಕಾಟ್ಲೆಂಡಿನ ಎಡಿನ್‌ಬರೋ ನಗರಕ್ಕೆ ಹೋದಳು. ಹುಡುಗಿ ಚುರುಕಿನವಳು, ತವರಿನಲ್ಲಿ ಎಲ್ಲರಿಗಿಂತ ಮೊದಲು ಎದ್ದು ಬಾಗಿಲಿಗೆ ರಂಗೋಲಿ ಇಡುತ್ತಿದ್ದವಳು. ಹೋದ ಹೊಸತರಲ್ಲಿ ದಿನವೂ ದೂರವಾಣಿಯಲ್ಲಿ ಗಂಟೆಗಟ್ಟಲೆ ಮಾತನಾಡುತ್ತಿದ್ದಳು. ದೀಪಾವಳಿಯು ಕಳೆಯಿತು, ಮಾತು ಕಡಿಮೆಯಾಯಿತು. ಡಿಸೆಂಬರಿನ ಹೊತ್ತಿಗೆ ವಾರಕ್ಕೊಮ್ಮೆ, ಅದೂ ಎರಡು ಮಾತು. ಮುಖದಲ್ಲಿ ಕಳೆಯಿಲ್ಲ. ಏನೆಂದು ಕೇಳಿದರೆ, "ಏನೂ ಇಲ್ಲಮ್ಮ, ನಿದ್ದೆ ಬರತ್ತೆ, ಅಷ್ಟೆ" ಎಂಬ ಉತ್ತರ.

ಇಂಥ ಸಮಯದಲ್ಲಿ ಮನೆಯವರ ಬುದ್ಧಿಯು ಎತ್ತ ಹರಿಯುವುದೆಂಬುದನ್ನು ಓದುಗರಿಗೆ ವಿವರಿಸಬೇಕಾಗಿಲ್ಲ. ಅಳಿಯನೊಡನೆ ಮನಸ್ತಾಪವೋ, ಬೀಗರು ಏನಾದರೂ ಅಂದರೋ, ಪರದೇಶದ ಗಾಳಿ ತಗುಲಿ ತವರೇ ಬೇಡವಾಯಿತೋ ಎಂದು ಅಕ್ಕನು ಹಗಲಿರುಳು ಕೊರಗಿದಳು. ಶನಿವಾರದ ಉಪವಾಸವನ್ನು ಹಿಡಿದಳು. ಒಂದು ದಿನ ತಾಳಲಾರದೆ, "ಇಷ್ಟು ಕಷ್ಟಪಟ್ಟು ಓದಿಸಿದ್ದು ನೀನು ಹಗಲೆಲ್ಲ ಮಲಗೋದಕ್ಕೇನೇ?" ಎಂದುಬಿಟ್ಟಳು. ಆ ಮಾತಿನ ಮೇಲೆ ಹದಿನೈದು ದಿನ ಮಗಳು ಮಾತನಾಡಲಿಲ್ಲ.

ಮಾರ್ಚಿಯ ಕೊನೆಗೆ ಹುಡುಗಿ ತಾನಾಗಿಯೇ ಮೊದಲಿನಂತಾದಳು. ಯುಗಾದಿಯ ದಿನ ಒಬ್ಬಟ್ಟು ಮಾಡಿ ತೋರಿಸಿದಳು. ಉಪವಾಸವು ಫಲಿಸಿತೆಂದು ಅಕ್ಕನು ನಂಬಿದಳು. ನಾವೆಲ್ಲರೂ ಅದನ್ನು ಮರೆತೆವು. ಆದರೆ 2022ರ ದೀಪಾವಳಿಯು ಕಳೆದೊಡನೆ ಪುನಃ ಅದೇ ಮೌನ, ಅದೇ ನಿದ್ದೆ.

ನಮ್ಮ ಭಾವನವರು ನಿವೃತ್ತ ಉಪಾಧ್ಯಾಯರು. ನಿತ್ಯವೂ ದಿನಚರಿ ಬರೆಯುವ ಅಭ್ಯಾಸದವರು. ಅವರು ಒಂದು ಸಂಜೆ ಹಿಂದಿನ ವರ್ಷದ ಪುಸ್ತಕವನ್ನು ತೆಗೆದು ನೋಡಿದರು. ನವೆಂಬರ್ ಎರಡನೆಯ ವಾರದಿಂದ ಅಲ್ಲಲ್ಲಿ "ಮಗು ಸರಿಯಾಗಿ ಮಾತನಾಡಲಿಲ್ಲ" ಎಂದು ಬರೆದಿತ್ತು. ಈ ವರ್ಷದ ಪುಸ್ತಕದಲ್ಲಿಯೂ ಹೆಚ್ಚು ಕಡಿಮೆ ಅದೇ ವಾರದಲ್ಲಿ ಅದೇ ಮಾತು. "ಜಗಳಕ್ಕೆ ಪಂಚಾಂಗವಿರುವುದಿಲ್ಲ. ಇದು ಬೇರೆ ಏನೋ ಇರಬೇಕು" ಎಂದರು. ಆ ಒಂದು ಮಾತೇ ನಮ್ಮ ಕಣ್ಣು ತೆರೆಯಿಸಿತು. ಅಳಿಯನಿಗೆ ತಿಳಿಸಿ ಅವಳನ್ನು ಅಲ್ಲಿಯ ವೈದ್ಯರ ಬಳಿಗೆ ಕರೆದೊಯ್ಯುವಂತೆ ಮಾಡಿದೆವು. ಅವರು ಎರಡು ವರ್ಷಗಳ ವೃತ್ತಾಂತವನ್ನು ಕೇಳಿ, ರಕ್ತಪರೀಕ್ಷೆಯನ್ನು ಮಾಡಿಸಿ, ಇದು ಋತುವನ್ನು ಅನುಸರಿಸಿ ಬರುವ ಖಿನ್ನತೆಯೆಂದು ನಿರ್ಣಯಿಸಿದರು.

ಈ ವ್ಯಾಧಿಯ ಚರಿತ್ರೆ

ಚಳಿಗಾಲದಲ್ಲಿ ಮನಸ್ಸು ಕುಗ್ಗುವುದನ್ನು ಜನರು ಹಿಂದಿನಿಂದಲೂ ಕಂಡಿದ್ದರೂ, ಅದಕ್ಕೆ ವೈದ್ಯಶಾಸ್ತ್ರದಲ್ಲಿ ಒಂದು ಹೆಸರೂ ಚಿಕಿತ್ಸೆಯೂ ಏರ್ಪಟ್ಟುದು ಈಚೆಗೆ. ಬಿಸಿಲಿನ ನಾಡಾದ ದಕ್ಷಿಣ ಆಫ್ರಿಕೆಯ ಜೊಹಾನ್ಸ್‌ಬರ್ಗಿನಿಂದ ಅಮೆರಿಕಕ್ಕೆ ಬಂದ ನಾರ್ಮನ್ ರೋಸೆಂತಾಲ್ ಎಂಬ ವೈದ್ಯರು, ನ್ಯೂಯಾರ್ಕಿನ ಚಳಿಗಾಲಗಳಲ್ಲಿ ತಮ್ಮ ಉತ್ಸಾಹವು ಇಳಿದು ವಸಂತದಲ್ಲಿ ಮರಳುವುದನ್ನು ತಮ್ಮಲ್ಲಿಯೇ ಕಂಡರು. ಅವರು ಮುಂದೆ ಕೆಲಸಕ್ಕೆ ಸೇರಿದ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಗೆ ಹರ್ಬರ್ಟ್ ಕರ್ನ್ ಎಂಬ ಇಂಜಿನಿಯರು ಬಂದರು. ನಮ್ಮ ಭಾವನವರಂತೆ ಇವರೂ ಬರೆದಿಡುವ ಅಭ್ಯಾಸದವರು. ತಮ್ಮ ಮನಸ್ಸಿನ ಏರಿಳಿತಗಳನ್ನು ಹಲವು ವರ್ಷ ಗುರುತು ಹಾಕಿಕೊಂಡು, ಅವು ಹಗಲಿನ ಏರಿಳಿತವನ್ನೇ ಅನುಸರಿಸುತ್ತವೆಂಬುದನ್ನು ಕಂಡುಕೊಂಡಿದ್ದರು.

ಅದೇ ಸಂಸ್ಥೆಯಲ್ಲಿದ್ದ ಆಲ್ಫ್ರೆಡ್ ಲೂಯಿ ಮತ್ತು ಅವರ ಸಂಗಡಿಗರು, ಪ್ರಖರವಾದ ಬೆಳಕು ಮನುಷ್ಯನ ಶರೀರದಲ್ಲಿ ರಾತ್ರಿ ಸ್ರವಿಸುವ ಮೆಲಟೋನಿನ್ ಎಂಬ ದ್ರವ್ಯವನ್ನು ತಡೆಯಬಲ್ಲುದೆಂಬುದನ್ನೂ, ಮನೆಯ ಸಾಮಾನ್ಯ ದೀಪವು ಆ ಕೆಲಸಕ್ಕೆ ಸಾಲದೆಂಬುದನ್ನೂ 1980ರಲ್ಲಿ ತೋರಿಸಿದ್ದರು. ಕರ್ನರನ್ನು ಚಳಿಗಾಲದಲ್ಲಿ ದಿನವೂ ಪ್ರಖರವಾದ ದೀಪಗಳ ಮುಂದೆ ಕುಳ್ಳಿರಿಸಿದಾಗ ಅವರ ಮಂಕು ಕೆಲವೇ ದಿನಗಳಲ್ಲಿ ಇಳಿಯಿತು. ಅನಂತರ 1984ರಲ್ಲಿ ರೋಸೆಂತಾಲ್ ಮತ್ತು ಸಂಗಡಿಗರು ಇಪ್ಪತ್ತೊಂಬತ್ತು ಮಂದಿ ರೋಗಿಗಳ ವೃತ್ತಾಂತವನ್ನು ಪ್ರಕಟಿಸಿ ಇದಕ್ಕೆ 'ಸೀಸನಲ್ ಅಫೆಕ್ಟಿವ್ ಡಿಸಾರ್ಡರ್' ಎಂದು ಹೆಸರಿಟ್ಟರು. ಋತುಮಾನದ ಖಿನ್ನತೆಯೆಂದು ನಾವು ಕರೆಯಬಹುದು.

ಲಕ್ಷಣಗಳು

ಸಾಮಾನ್ಯವಾದ ದುಃಖದಲ್ಲಿ ನಿದ್ದೆಯೂ ಊಟವೂ ದೂರವಾಗುವುದನ್ನು ನಾವೆಲ್ಲರೂ ನೋಡಿದ್ದೇವೆ. ಇದರಲ್ಲಾದರೋ ಬಹುಮಟ್ಟಿಗೆ ತದ್ವಿರುದ್ಧ. ಒಂಬತ್ತು, ಹತ್ತು ಗಂಟೆ ಮಲಗಿದರೂ ನಿದ್ದೆ ತೀರದು. ಎದ್ದರೆ ಕೈಕಾಲುಗಳು ಸೀಸದಂತೆ ಭಾರ. ಅನ್ನ, ಬ್ರೆಡ್ಡು, ಆಲೂಗೆಡ್ಡೆ, ಸಿಹಿತಿಂಡಿಗಳ ಮೇಲೆ ಆಸೆ ಹೆಚ್ಚಿ ಮೈತೂಕ ಏರುವುದು. ಪ್ರಿಯವಾದ ಕೆಲಸಗಳಲ್ಲಿ ರುಚಿಯಿರದು. ಜನರೊಡನೆ ಬೆರೆಯಲು, ದೂರವಾಣಿಯನ್ನು ಎತ್ತಿಕೊಳ್ಳಲು ಕೂಡ ಬೇಸರ. ಪುರುಷರಿಗಿಂತ ಸ್ತ್ರೀಯರಲ್ಲಿ ಇದು ಹೆಚ್ಚು.

ಇವುಗಳಲ್ಲಿ ಒಂದೊಂದನ್ನೂ ಬಿಡಿಯಾಗಿ ನೋಡಿದರೆ ಸೋಮಾರಿತನದಂತೆಯೋ ಬಿಂಕದಂತೆಯೋ ಕಾಣುತ್ತದೆ. ಅಪಾಯವಿರುವುದು ಇಲ್ಲಿಯೇ. ರೋಗದ ಲಕ್ಷಣವನ್ನು ಗುಣದ ದೋಷವೆಂದು ತಿಳಿದು ನಾವು ಗದರಿಸುತ್ತೇವೆ. ಮೊದಲೇ ತನ್ನನ್ನು ತಾನು ಹಳಿದುಕೊಳ್ಳುತ್ತಿರುವ ಜೀವವು ಇನ್ನಷ್ಟು ಮುದುಡಿಕೊಳ್ಳುತ್ತದೆ. ಇದನ್ನು ಗುರುತಿಸುವ ಮುಖ್ಯವಾದ ಉಪಾಯವೆಂದರೆ ಕಾಲವನ್ನು ಗಮನಿಸುವುದು. ಶರತ್ಕಾಲದ ಕೊನೆಗೆ ಬಂದು, ವಸಂತದಲ್ಲಿ ತಾನಾಗಿ ಹೋಗಿ, ಮರುವರ್ಷ ಅದೇ ಹೊತ್ತಿಗೆ ಮತ್ತೆ ಬಂದರೆ, ಸಂಶಯಪಡಲು ಸಾಕಷ್ಟು ಕಾರಣವುಂಟು.

ಆದರೂ ನಿರ್ಣಯವು ವೈದ್ಯರದೇ ಆಗಬೇಕು. ಥೈರಾಯಿಡ್ ಗ್ರಂಥಿಯ ದೌರ್ಬಲ್ಯ, ರಕ್ತಹೀನತೆ, ಶಾಕಾಹಾರಿಗಳಾದ ನಮ್ಮವರಲ್ಲಿ ಸಾಮಾನ್ಯವಾದ ಬಿ-12 ಜೀವಸತ್ವದ ಕೊರತೆ ಇವುಗಳಿಂದಲೂ ಇಂಥದೇ ಆಯಾಸವುಂಟಾಗುತ್ತದೆ. ನಮ್ಮ ನಾಡಿನಲ್ಲಿಯೇ ಇರುವವರಿಗೆ ಡಿಸೆಂಬರಿನಲ್ಲಿ ಮನಸ್ಸು ಕುಗ್ಗಿದರೆ ಚಳಿಗಾಲದ ಮೇಲೆ ಹೊರೆ ಹಾಕಿ ಸುಮ್ಮನಿರಬಾರದು. ಬೇರೆ ಕಾರಣವನ್ನು ಹುಡುಕಬೇಕು.

ಕಾರಣ

ಎಡಿನ್‌ಬರೋ ನಗರವು ಭೂಮಧ್ಯರೇಖೆಯಿಂದ ಸುಮಾರು 56 ಅಂಶಗಳಷ್ಟು ಉತ್ತರಕ್ಕಿದೆ. ಬೆಂಗಳೂರು 13 ಅಂಶ. ಜೂನ್ ತಿಂಗಳಲ್ಲಿ ಅಲ್ಲಿ ಹದಿನೇಳೂವರೆ ಗಂಟೆಯ ಹಗಲು. ಡಿಸೆಂಬರಿನಲ್ಲಿ ಏಳು ಗಂಟೆ ಮಾತ್ರ. ಸೂರ್ಯನು ಬೆಳಿಗ್ಗೆ ಎಂಟು ಮುಕ್ಕಾಲರ ಸುಮಾರಿಗೆ ಎದ್ದು, ಮಧ್ಯಾಹ್ನ ಮೂರು ಮುಕ್ಕಾಲರೊಳಗೆ ಮುಳುಗುತ್ತಾನೆ. ಅಕ್ಟೋಬರ್ ತಿಂಗಳ ಕೊನೆಯ ಭಾನುವಾರ ದೇಶದ ಗಡಿಯಾರಗಳನ್ನೆಲ್ಲ ಒಂದು ಗಂಟೆ ಹಿಂದಕ್ಕೆ ತಿರುಗಿಸುವುದರಿಂದ ಸಂಜೆಯು ಒಮ್ಮೆಗೇ ಕುಸಿದುಬಿದ್ದಂತಾಗುತ್ತದೆ. ನಮ್ಮ ದೀಪಾವಳಿಯು ಬರುವುದೂ ಅದರ ಆಸುಪಾಸಿನಲ್ಲಿಯೇ.

ಕಣ್ಣಿನ ಒಳಪೊರೆಯಲ್ಲಿ, ನೋಡುವ ಕೆಲಸಕ್ಕಿಂತ ಹೆಚ್ಚಾಗಿ ಬೆಳಕಿನ ಸುದ್ದಿಯನ್ನು ಮಿದುಳಿಗೆ ಮುಟ್ಟಿಸುವುದಕ್ಕೆಂದೇ ಇರುವ ಕೆಲವು ಕಣಗಳುಂಟು. ಈ ಸುದ್ದಿಯು ಮಿದುಳಿನ ಬುಡದಲ್ಲಿರುವ ಒಂದು ಸಣ್ಣ ಕೇಂದ್ರಕ್ಕೆ ಹೋಗುತ್ತದೆ. ಶರೀರದ ಗಡಿಯಾರವು ಅದೇ. ಬೆಳಗಿನ ಪ್ರಖರವಾದ ಬೆಳಕು ಈ ಗಡಿಯಾರಕ್ಕೆ ದಿನವೂ ಕೀಲಿ ಕೊಟ್ಟು, ಮೆಲಟೋನಿನ್ನನ್ನು ತಡೆದು, 'ಹಗಲಾಯಿತು, ಏಳು' ಎನ್ನುತ್ತದೆ. ಅರುಣೋದಯವು ತಡವಾದಾಗ ಹಲವರಲ್ಲಿ ಈ ಗಡಿಯಾರವು ಹಿಂದೆ ಬೀಳುತ್ತದೆ. ಮನುಷ್ಯನು ಎದ್ದು ಕಚೇರಿಗೆ ಹೋದರೂ ಅವನ ಶರೀರಕ್ಕೆ ಇನ್ನೂ ನಡುರಾತ್ರಿ. ಬಹುಮಂದಿ ತಜ್ಞರು ಒಪ್ಪುವ ವಿವರಣೆಯಿದು.

ದೀಪ ಹಾಕಿಕೊಂಡರಾಗದೇ ಎಂದು ಕೇಳಬಹುದು. ಬೆಳಕನ್ನು ಲಕ್ಸ್ ಎಂಬ ಮಾನದಿಂದ ಅಳೆಯುತ್ತಾರೆ. ನಮ್ಮ ನಡುಹಗಲಿನ ಬಿಸಿಲು ಲಕ್ಷ ಲಕ್ಸ್‌ಗಳಷ್ಟು ಇರಬಹುದು. ಮನೆಯೊಳಗಿನ ದೀಪದ ಬೆಳಕು ನೂರು, ಹೆಚ್ಚೆಂದರೆ ಕೆಲವು ನೂರು. ನಮ್ಮ ಕಣ್ಣು ಹೊಂದಿಕೊಂಡುಬಿಡುವುದರಿಂದ ಈ ಅಂತರವು ನಮಗೆ ತಿಳಿಯುವುದಿಲ್ಲ. ಶರೀರದ ಗಡಿಯಾರಕ್ಕೆ ತಿಳಿಯುತ್ತದೆ.

ಪರಿಹಾರ

ಮೊದಲನೆಯದು ಹೊರಗೆ ಹೋಗುವುದು. ಮೋಡ ಕವಿದ ಚಳಿಗಾಲದ ದಿನದಲ್ಲಿಯೂ ಬಯಲಿನ ಬೆಳಕು ಕೋಣೆಯ ಬೆಳಕಿನ ಹಲವು ಪಾಲು. ಆದುದರಿಂದ ಬೆಳಕು ಹರಿದೊಡನೆ ಅರ್ಧ ಗಂಟೆಯಾದರೂ ಹೊರಗೆ ನಡೆಯಬೇಕು. ಧನುರ್ಮಾಸದಲ್ಲಿ ಅರುಣೋದಯಕ್ಕೆ ಮೊದಲೇ ಎದ್ದು ಸ್ನಾನಮಾಡಿ ದೇವಾಲಯಕ್ಕೆ ಹೋಗಿ ಬಿಸಿ ಹುಗ್ಗಿಯ ಪ್ರಸಾದವನ್ನು ತರುವ ಪದ್ಧತಿಯು ನಮ್ಮಲ್ಲಿ ಇದೆಯಷ್ಟೆ. ವರ್ಷದ ಅತಿ ಹ್ರಸ್ವವಾದ ಹಗಲುಗಳು ಬರುವುದು ಆ ತಿಂಗಳಿನಲ್ಲಿಯೇ. ಹಾಸಿಗೆಯು ಅತ್ಯಂತ ಪ್ರಿಯವಾಗುವ ಕಾಲದಲ್ಲಿ ಮನುಷ್ಯನನ್ನು ಹೊರಗೆ ಹೊರಡಿಸುವ ಪದ್ಧತಿಯಿದು. ಎಡಿನ್‌ಬರೋದಲ್ಲಿ ಸೂರ್ಯನೇ ಎಂಟು ಮುಕ್ಕಾಲಿಗೆ ಏಳುವುದರಿಂದ, ಅಲ್ಲಿರುವವರಿಗೆ ಈ ವ್ರತವು ನಮಗಿಂತ ಸುಲಭವೆಂದು ನಾನು ಸೊಸೆಯಂದಿರಿಗೆ ಹಾಸ್ಯಮಾಡುವುದುಂಟು.

ಎರಡನೆಯದು ಬೆಳಕಿನ ಪೆಟ್ಟಿಗೆ. ಇದಕ್ಕೆಂದೇ ಮಾಡಿದ, ನೇರಳಾತೀತ ಕಿರಣಗಳನ್ನು ಸೋಸಿದ, 10,000 ಲಕ್ಸ್ ಬೆಳಕು ಕೊಡುವ ದೀಪಗಳು ದೊರೆಯುತ್ತವೆ. ಎದ್ದ ಒಂದು ಗಂಟೆಯೊಳಗೆ, ತಯಾರಕರು ಹೇಳಿದಷ್ಟು ದೂರದಲ್ಲಿ, ಇಪ್ಪತ್ತರಿಂದ ಮೂವತ್ತು ನಿಮಿಷ ಅದರ ಮುಂದೆ ಕುಳಿತುಕೊಳ್ಳಬೇಕು. ಕಣ್ಣು ತೆರೆದಿರಬೇಕು, ಆದರೆ ದೀಪವನ್ನೇ ದಿಟ್ಟಿಸಬಾರದು. ಕಾಫಿ ಕುಡಿಯುತ್ತಲೋ ಓದುತ್ತಲೋ ಇರಬಹುದು. ಗುಣವು ಸಾಮಾನ್ಯವಾಗಿ ಒಂದೆರಡು ವಾರದಲ್ಲಿ ಕಾಣುತ್ತದೆ. ಸಂಜೆ ಇದನ್ನು ಬಳಸಿದರೆ ನಿದ್ದೆ ಕೆಡುವುದು. ಕಣ್ಣಿನ ವ್ಯಾಧಿಯುಳ್ಳವರೂ, ಒಮ್ಮೆ ಅತ್ಯುತ್ಸಾಹ ಒಮ್ಮೆ ಖಿನ್ನತೆ ಬರುವ ಮನೋವ್ಯಾಧಿಯುಳ್ಳವರೂ, ಬೆಳಕಿಗೆ ಮೈ ಸೂಕ್ಷ್ಮವಾಗುವ ಔಷಧಗಳನ್ನು ಸೇವಿಸುವವರೂ ವೈದ್ಯರನ್ನು ಕೇಳದೆ ಇದನ್ನು ಹಿಡಿಯಬಾರದು.

ಮೂರನೆಯದು ಸಂವಾದದ ಚಿಕಿತ್ಸೆ. 'ಹೊರಗೆ ಕತ್ತಲೆ, ನನ್ನಿಂದ ಏನೂ ಆಗದು' ಎಂಬ ಯೋಚನೆಯ ಸರಪಣಿಯನ್ನು ಬಿಡಿಸಿ, ಸಣ್ಣ ಸಣ್ಣ ಕೆಲಸಗಳನ್ನು ನಿಯಮದಿಂದ ಮಾಡಿಸುವ ಕ್ರಮವಿದು. ಅಮೆರಿಕದ ವರ್ಮಾಂಟ್ ವಿಶ್ವವಿದ್ಯಾನಿಲಯದ ಕೆಲ್ಲಿ ರೋಹನ್ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಪರೀಕ್ಷೆಯಲ್ಲಿ, ಎರಡು ಚಳಿಗಾಲಗಳು ಕಳೆದ ಮೇಲೆ ನೋಡಿದಾಗ, ದೀಪದ ಚಿಕಿತ್ಸೆ ಪಡೆದವರಲ್ಲಿ ನೂರಕ್ಕೆ ಸುಮಾರು 46 ಮಂದಿಗೆ ಖಿನ್ನತೆಯು ಮರುಕಳಿಸಿದ್ದರೆ, ಸಂವಾದದ ಚಿಕಿತ್ಸೆ ಪಡೆದವರಲ್ಲಿ ಸುಮಾರು 27 ಮಂದಿಗೆ ಮಾತ್ರ ಮರುಕಳಿಸಿತ್ತು. ದೀಪವು ಉರಿಯುವಷ್ಟು ಕಾಲ ಬೆಳಕು. ಕಲಿತ ಪಾಠವು ಮರುವರ್ಷಕ್ಕೂ ಉಳಿಯುತ್ತದೆ. ವ್ಯಾಧಿಯು ಬಲವಾಗಿದ್ದರೆ ವೈದ್ಯರು ಔಷಧವನ್ನೂ ಕೊಡುವರು. ಅದನ್ನು ಸೇವಿಸುವುದರಲ್ಲಿ ನಾಚಿಕೆಪಡತಕ್ಕುದು ಏನೂ ಇಲ್ಲ.

ಇನ್ನೊಂದು ಮಾತು. ನಮ್ಮಂತೆ ಕಂದುಬಣ್ಣದ ಚರ್ಮದವರಿಗೆ ಉತ್ತರದ ಮಂದ ಬಿಸಿಲಿನಲ್ಲಿ ಡಿ ಜೀವಸತ್ವವು ಸಾಕಷ್ಟು ಉತ್ಪತ್ತಿಯಾಗದು. ದಕ್ಷಿಣ ಏಷ್ಯಾ ಮೂಲದವರು ವರ್ಷವಿಡೀ ದಿನಕ್ಕೆ 10 ಮೈಕ್ರೋಗ್ರಾಂ ತೆಗೆದುಕೊಳ್ಳುವುದನ್ನು ಯೋಚಿಸಬೇಕೆಂದು ಬ್ರಿಟನ್ನಿನ ಸರ್ಕಾರವೇ ಸಲಹೆ ಮಾಡಿದೆ. ಇದು ಮೂಳೆ ಸ್ನಾಯುಗಳ ಹಿತಕ್ಕೆ. ಮಂಕಿಗೆ ಇದೇ ಮದ್ದೆಂದು ತಿಳಿದು ಬೆಳಕನ್ನು ಬಿಡಬಾರದು.

ಕತ್ತಲೆಯ ನಾಡಿನವರ ನಡತೆ

ನಾರ್ವೆ ದೇಶದ ರ್ಯೂಕಾನ್ ಎಂಬ ಊರು ಆಳವಾದ ಕಣಿವೆಯಲ್ಲಿದೆ. ಸೆಪ್ಟೆಂಬರಿನ ಕೊನೆಯಿಂದ ಮಾರ್ಚಿಯವರೆಗೆ ಬೆಟ್ಟದ ಮರೆಯಿಂದ ಅಲ್ಲಿಗೆ ಬಿಸಿಲೇ ಬೀಳುವುದಿಲ್ಲ. ಚಳಿಗಾಲದಲ್ಲಿಯೂ ಜನರು ಮೇಲೆ ಹೋಗಿ ಸೂರ್ಯನನ್ನು ಕಾಣಲೆಂದು 1928ರಲ್ಲಿ ಅಲ್ಲಿಯ ಕಾರ್ಖಾನೆಯವರು ತೂಗುತೊಟ್ಟಿಲಿನ ದಾರಿಯನ್ನು ಕಟ್ಟಿಸಿಕೊಟ್ಟರು. 2013ರಲ್ಲಿ ಬೆಟ್ಟದ ಮೇಲೆ ಮೂರು ದೊಡ್ಡ ಕನ್ನಡಿಗಳನ್ನು ನಿಲ್ಲಿಸಿದರು. ಅವು ಸೂರ್ಯನೊಡನೆ ತಿರುಗುತ್ತ ಊರ ಚೌಕಕ್ಕೆ ಬಿಸಿಲನ್ನು ಇಳಿಸುತ್ತವೆ. ಅದೇ ದೇಶದ ಇನ್ನೂ ಉತ್ತರಕ್ಕಿರುವ ಟ್ರೋಮ್ಸೋ ನಗರದಲ್ಲಿ ನವೆಂಬರಿನ ಕೊನೆಯಿಂದ ಜನವರಿಯ ನಡುವಿನವರೆಗೆ ಸೂರ್ಯೋದಯವೇ ಇಲ್ಲ. ಜನವರಿ 21ರಂದು ಸೂರ್ಯನು ಮರಳಿದ ದಿನವೆಂದು ಸಿಹಿಯಾದ ಕರಿದ ಬನ್ನುಗಳನ್ನು ಹಂಚಿ ತಿನ್ನುತ್ತಾರೆ. ಅದಕ್ಕೆ ವಾರದ ಹಿಂದೆ ನಾವು ಎಳ್ಳುಬೆಲ್ಲ ಬೀರಿರುತ್ತೇವೆ! ಚಳಿಗಾಲದಲ್ಲಿಯೂ ಸೊಗಸುಂಟೆಂದು ಎಣಿಸುವವರಿಗೆ ಬಾಳಿನಲ್ಲಿ ತೃಪ್ತಿಯೂ ಹೆಚ್ಚೆಂದು ನಾರ್ವೆಯಲ್ಲಿ ನಡೆದು 2020ರಲ್ಲಿ ಪ್ರಕಟವಾದ ಒಂದು ಪರಿಶೀಲನೆ ಹೇಳುತ್ತದೆ. ಕತ್ತಲೆಯನ್ನು ತಡೆಯಲಾಗದು, ಅದಕ್ಕೆ ಮೊದಲೇ ಸಿದ್ಧರಾಗಿರಬಹುದು.

ಮನೆಯವರ ಕರ್ತವ್ಯ

ಇಲ್ಲಿರುವ ನಾವು ಏನು ಮಾಡಬಹುದು? ಮೊದಲನೆಯದಾಗಿ ಗದರಿಸದಿರಬಹುದು. 'ನಿನಗೇನು ಕಡಿಮೆಯಾಗಿದೆ?' ಎಂಬ ಪ್ರಶ್ನೆಯನ್ನು ಕೇಳಲೇಬಾರದು, ಕಡಿಮೆಯಾಗಿರುವುದು ಬೆಳಕು. ದೂರವಾಣಿಯನ್ನು ಎತ್ತದಿದ್ದರೆ ಕೋಪಗೊಳ್ಳದೆ, ಉತ್ತರವನ್ನು ಬೇಡದ ಒಂದು ಸಾಲನ್ನು ಕಳುಹಿಸಬೇಕು.

ನಮ್ಮ ಅಕ್ಕನು ಇದಕ್ಕಿಂತ ಒಂದು ಹೆಜ್ಜೆ ಮುಂದೆ ಹೋದಳು. ಅಲ್ಲಿಯ ಬೆಳಗಿನ ಒಂಬತ್ತು ಗಂಟೆಯೆಂದರೆ ಚಳಿಗಾಲದಲ್ಲಿ ಇಲ್ಲಿಯ ಮಧ್ಯಾಹ್ನ ಎರಡೂವರೆ. ಊಟದ ಪಾತ್ರೆಗಳನ್ನು ಎತ್ತಿಟ್ಟು ದಿನವೂ ಆ ಹೊತ್ತಿಗೆ ತಾನೇ ಕರೆಮಾಡತೊಡಗಿದಳು. "ನೀನು ಬಾಗಿಲು ದಾಟಿದ ಮೇಲೆಯೇ ಮಾತು" ಎಂಬುದು ಅವಳ ನಿಬಂಧನೆ. ತಾಯಿಯು ಅಡಿಗೆಯ, ನೆರೆಹೊರೆಯ ಸುದ್ದಿ ಹೇಳುವಳು. ಮಗಳು ಉದ್ಯಾನದಲ್ಲಿ ನಡೆಯುತ್ತ ಕೇಳುವಳು. ಉತ್ತರಿಸಲು ಮನಸ್ಸಿಲ್ಲದ ದಿನ "ಹೂಂ" ಎಂದರೂ ಸಾಕು. ಅರ್ಧ ಗಂಟೆಯ ನಡಿಗೆಯೂ ಆಗುವುದು, ಬೆಳಕೂ ಕಣ್ಣಿಗೆ ಬೀಳುವುದು, ಒಂಟಿತನವೂ ತೀರುವುದು.

ಒಂದು ವಿಷಯದಲ್ಲಿ ಮಾತ್ರ ತಡಮಾಡಕೂಡದು. 'ಇದ್ದೇನು ಫಲ?' ಎಂಬಂಥ ಮಾತು ಒಮ್ಮೆ ಬಾಯಿಂದ ಹೊರಟರೂ ಅದನ್ನು ಬೇಸರದ ಮಾತೆಂದು ತಳ್ಳಿಹಾಕದೆ, ಜೀವವನ್ನು ಕಳೆದುಕೊಳ್ಳುವ ಯೋಚನೆಯುಂಟೇ ಎಂದು ನೇರವಾಗಿ ಕೇಳಬೇಕು. ಹಾಗೆ ಕೇಳಿದರೆ ಆ ಯೋಚನೆಯನ್ನು ನಾವೇ ಹುಟ್ಟಿಸಿದಂತಾಗುವುದಿಲ್ಲ. ಅಂದೇ ವೈದ್ಯರ ಸಹಾಯವನ್ನು ಪಡೆಯಬೇಕು. ಬ್ರಿಟನ್ನಿನಲ್ಲಿ ಸಮಾರಿಟನ್ಸ್ ಸಂಸ್ಥೆಯ 116 123, ಪ್ರಾಣಾಪಾಯವಿದ್ದರೆ 999. ನಮ್ಮ ದೇಶದಲ್ಲಿ 2022ರಲ್ಲಿ ಪ್ರಾರಂಭವಾದ ಟೆಲಿ-ಮಾನಸ್‌ನ 14416, ಇಲ್ಲಿ ಕನ್ನಡದಲ್ಲಿಯೂ ಮಾತನಾಡಬಹುದು.

ಮುಗಿಸುವ ಮುನ್ನ

2023ರಲ್ಲಿ ನಾವು ಮೂರನೆಯ ಚಳಿಗಾಲಕ್ಕೆ ಮೊದಲೇ ಸಿದ್ಧರಾದೆವು. ಆಯುಧಪೂಜೆಯ ದಿನ ಅವಳು ಬೆಳಕಿನ ಪೆಟ್ಟಿಗೆಗೆ ಕುಂಕುಮವಿಟ್ಟು, ಮರುದಿನದಿಂದ ಅದನ್ನು ಉಪಯೋಗಿಸತೊಡಗಿದಳು. ಮಂಕು ಪೂರ್ತಿಯಾಗಿ ಬರಲಿಲ್ಲವೆಂದು ಹೇಳಲಾರೆ. ಡಿಸೆಂಬರಿನಲ್ಲಿ ನಾಲ್ಕೈದು ದಿನ ಬಾಗಿಲು ದಾಟುವುದೇ ಆಗಲಿಲ್ಲ. ಆದರೆ ಅದು ಏನೆಂಬುದು ಅವಳಿಗೂ ತಿಳಿದಿತ್ತು, ನಮಗೂ ತಿಳಿದಿತ್ತು. ಯಾರೂ ಯಾರನ್ನೂ ಹಳಿಯಲಿಲ್ಲ. ಆರನೆಯ ದಿನ ಅವಳು ಹೊರಟಳು.

ಶರಶಯ್ಯೆಯ ಮೇಲೆ ಮಲಗಿ ಉತ್ತರಾಯಣವನ್ನು ಕಾದ ಭೀಷ್ಮರ ಕಥೆಯು ನಮಗೆ ಹೊಸತಲ್ಲ. ನಾವು ಆ ಪರ್ವವನ್ನು ಸಂಕ್ರಾಂತಿಯಂದು ಆಚರಿಸಿದರೂ, ಸೂರ್ಯನು ಉತ್ತರಕ್ಕೆ ಮುಖಮಾಡುವುದು ಡಿಸೆಂಬರ್ 21, 22ರ ಹೊತ್ತಿಗೇ. ನಾವು ಎಳ್ಳು ಬೀರುವ ಹೊತ್ತಿಗೆ ಎಡಿನ್‌ಬರೋದ ಹಗಲು ಅರ್ಧ ಗಂಟೆಗೂ ಮಿಗಿಲಾಗಿ ಬೆಳೆದಿರುತ್ತದೆ. ಆ ವರ್ಷ ಸಂಕ್ರಾಂತಿಯಂದು ಮಗಳು ಉದ್ಯಾನದಿಂದಲೇ ಮಾತನಾಡಿ, "ಅಮ್ಮ, ಇವತ್ತು ನಾಲ್ಕು ಗಂಟೆಗೂ ಬೆಳಕಿರತ್ತೆ" ಎಂದಳಂತೆ. ಅಕ್ಕನು ಅದನ್ನು ನನಗೆ ಹೇಳುವಾಗ ಹಬ್ಬದ ಬೇರೆ ಯಾವ ಸುದ್ದಿಯನ್ನೂ ಹೇಳಲಿಲ್ಲ.

ಪರದೇಶದಲ್ಲಿ ಮಕ್ಕಳಿರುವವರು ಈ ನವರಾತ್ರಿಯಲ್ಲಿ, ಉಣ್ಣೆಯ ಅಂಗಿ ಇದೆಯೇ ಎಂದು ಕೇಳುವುದರ ಜೊತೆಗೆ, 'ಬೆಳಿಗ್ಗೆ ಬೆಳಕಿಗೆ ಹೋಗುತ್ತೀಯಾ?' ಎಂದೂ ಕೇಳುವರಾದರೆ ಈ ಬರಹವು ಸಾರ್ಥಕ.